'ವಿಭಿನ್ನ' ಎಂದು ಬರೆಯುವ ಮೊದಲು

ವಿಭಿನ್ನ ಮದುವೆ. ವಿಭಿನ್ನ ಪ್ರತಿಭಟನೆ. ವಿಭಿನ್ನ ಕಥಾಹಂದರದ ಸಿನಿಮಾ. ವಿಭಿನ್ನ ರುಚಿಯ ಹೋಳಿಗೆ. ಪತ್ರಿಕೆಯ ಪುರವಣಿ ಡೆಸ್ಕಿನಲ್ಲಿ ಕೂತವರಿಗೆ ಈ ಪದ ದಿನಾ ಸಿಗುತ್ತದೆ. ನಾನು ಹುಬ್ಬಳ್ಳಿಯಲ್ಲಿ ಕಾಪಿ, ಅಂದರೆ ವರದಿಗಾರರು ಕಳಿಸುವ ಬರಹ, ತಿದ್ದುವ ಕೆಲಸದಲ್ಲಿದ್ದೇನೆ. ರೂಢಿ ಬಿಟ್ಟು ಯಾರು ಏನು ಮಾಡಿದರೂ ಅದಕ್ಕೆ ಇದೊಂದೇ ಪದ ಅಂಟಿಕೊಂಡು ಬರುತ್ತದೆ. ಡೆಸ್ಕಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಇದರ ಬಗ್ಗೆ ಬಾಯಲ್ಲಿ ಹೇಳುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸುದ್ದಿ ಬರೆಯುವವರಿಗಷ್ಟೇ ಅಂತೇನಿಲ್ಲ. ಯೂಟ್ಯೂಬಿಗೆ ಸ್ಕ್ರಿಪ್ಟ್ ಬರೆಯುವವರು, ಕಾರ್ಯಕ್ರಮ ನಿರೂಪಣೆ ಮಾಡುವವರು, ಊರಿನ ಸ್ಮರಣ ಸಂಚಿಕೆಗೆ ಲೇಖನ ಕೊಡುವವರು ಎಲ್ಲರಿಗೂ ಈ ಪದ ಬೇಕಾಗುತ್ತದೆ. ಸರಿಯಾಗಿ ಬಳಸಿದರೆ ಒಳ್ಳೆಯ ಪದವೇ.

ಮೊದಲು ಪದದ ಹೊಟ್ಟೆಯಲ್ಲಿ ಏನಿದೆ ನೋಡೋಣ. 'ಭಿನ್ನ' ಎಂದರೆ ಒಡೆದದ್ದು, ಬೇರೆಯಾದದ್ದು. ಗಣಿತದ ಭಿನ್ನರಾಶಿ ನೆನಪಿದೆಯಲ್ವಾ? ಇಡೀ ಸಂಖ್ಯೆಯನ್ನು ಒಡೆದ ತುಂಡು ಅದು. ಮೂಗೋ ಕೈಯೋ ಮುರಿದ ಮೂರ್ತಿಯನ್ನು ಭಿನ್ನ ವಿಗ್ರಹ ಅನ್ನುತ್ತೇವೆ, ಅದಕ್ಕೆ ಪೂಜೆ ಇಲ್ಲ ಅನ್ನುವ ನಂಬಿಕೆ ಇದೆ. ಪಕ್ಷದೊಳಗೆ ಎದುರು ನಿಂತ ಶಾಸಕರು ಭಿನ್ನಮತೀಯರು. ಇಷ್ಟೂ ಕಡೆ ಒಂದು ಸಂಗತಿ ಸಮಾನ. ಒಡೆಯುವ ಮೊದಲು ಏನೋ ಒಂದು ಇಡಿಯಾಗಿತ್ತು. ಸಂಖ್ಯೆ ಇತ್ತು, ಮೂರ್ತಿ ಇತ್ತು, ಪಕ್ಷ ಇತ್ತು. ಅದರಿಂದ ಇದು ಬೇರೆಯಾಯಿತು.

ಹಾಗಾಗಿ ಈ ಪದ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಹಿಂದೆ ಒಂದು 'ಗಿಂತ' ಬೇಕು. 'ಕರಾವಳಿಯ ಸಾರು ಬಯಲುಸೀಮೆಯ ಸಾರಿಗಿಂತ ಭಿನ್ನ' ಅಂದರೆ ಕೇಳಿದವರಿಗೆ ಏನೋ ಸಿಗುತ್ತದೆ. 'ಕರಾವಳಿಯಲ್ಲಿ ವಿಭಿನ್ನ ಸಾರು' ಅಂದರೆ ಏನೂ ಸಿಗುವುದಿಲ್ಲ. ತೆಂಗಿನಕಾಯಿ ಜಾಸ್ತಿಯೋ, ಹುಳಿ ಬೇರೆಯೋ, ಮೀನು ಹಾಕಿದ್ದಾರೋ, ಓದುಗರು ಊಹಿಸುತ್ತಾ ಕೂರಬೇಕು.

ಇನ್ನೊಂದು ತೊಡಕೂ ಇದೆ. 'ಮೇಳದಲ್ಲಿ ವಿಭಿನ್ನ ತಿಂಡಿಗಳಿದ್ದವು.' ಇದರ ಅರ್ಥ ಏನು? ಬೇರೆ ಎಲ್ಲೂ ಸಿಗದ ತಿಂಡಿಗಳು ಇದ್ದವು ಅಂತಲೂ ಆಗುತ್ತದೆ, ಸುಮ್ನೆ ಹಲವು ತಿಂಡಿಗಳು ಇದ್ದವು ಅಂತಲೂ ಆಗುತ್ತದೆ. ಹಿಂದಿಯಲ್ಲಿ ಈ ಪದಕ್ಕೆ 'ವಿವಿಧ' ಅನ್ನುವ ಅರ್ಥವೇ ಮುಂದೆ. ಅನುವಾದಗಳ ದಾರಿಯಲ್ಲಿ ಆ ಬಳಕೆ ನಮ್ಮಲ್ಲೂ ನುಗ್ಗಿದೆ. ಹಲವು ಅನ್ನಬೇಕಾದರೆ 'ಬಗೆಬಗೆಯ', 'ಥರಾವರಿ', 'ತರಹೇವಾರಿ' ಇವೆ. ತರಹೇವಾರಿ ತಿಂಡಿ ಅಂದಾಗ ಮಳಿಗೆಗಳ ಸಾಲು ಕಣ್ಣ ಮುಂದೆ ಬರುತ್ತದೆ.

ಕೇಳಬೇಕಾದ ಪ್ರಶ್ನೆ

'ಯಾವುದಕ್ಕಿಂತ?' ಇಷ್ಟೇ ಪ್ರಶ್ನೆ. ಕಾಪಿಯಲ್ಲಿ ವಿಭಿನ್ನ ಅಂತ ಬೆರಳು ಟೈಪ್ ಮಾಡಿದ ಕೂಡಲೇ ಇದನ್ನು ಕೇಳಿಕೊಳ್ಳಿ. ಉತ್ತರವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ 'ವಿಭಿನ್ನ'ವನ್ನು ತೆಗೆದು ನೋಡಿ. ಹತ್ತರಲ್ಲಿ ಒಂಬತ್ತು ಸಲ ಆ ಪದ ಇಲ್ಲದೆಯೇ ಸುದ್ದಿ ಎದ್ದು ನಿಲ್ಲುತ್ತದೆ.

ಹಾವೇರಿ ಕಡೆಯ ಅರೆಕಾಲಿಕ ವರದಿಗಾರರೊಬ್ಬರು ಒಮ್ಮೆ 'ವಿಭಿನ್ನ ಲಗ್ನಪತ್ರಿಕೆ' ಅಂತ ತಲೆಬರಹ ಹಾಕಿ ಕಾಪಿ ಕಳಿಸಿದ್ದರು. ಒಳಗೆ ವಧು ವರರ ಹೆಸರು, ಮದುವೆ ನಡೆದ ಕಲ್ಯಾಣ ಮಂಟಪ, 'ಎಲ್ಲರ ಗಮನ ಸೆಳೆಯಿತು' ಅನ್ನುವ ಮಾತು ಇತ್ತು. ಪತ್ರಿಕೆ ಹೇಗಿತ್ತು ಅನ್ನುವುದು ಮಾತ್ರ ಇರಲಿಲ್ಲ. ಫೋನ್ ಮಾಡಿ ಕೇಳಿದೆ.

"ಎಲ್ಲಾರ್ದು ಇರ್ತಾವಲ್ರೀ ಮೇಡಂ, ಹಂಗಲ್ರೀ ಇದು. ಅರಬಿ (ಬಟ್ಟೆ) ಮ್ಯಾಲ ಅಚ್ಚ ಹಾಕ್ಸ್ಯಾರ. ಎರಡ ಸಲ ತೊಳದ್ರ ಅಕ್ಷರ ಎಲ್ಲಾ ಹೋಗ್ತಾವ. ಆಮ್ಯಾಲ ಕರವಸ್ತ್ರ ಮಾಡ್ಕೋಬೇಕ್ರಿ."

"ಯಾಕ ಹಂಗ ಮಾಡ್ಸಿದ್ರಂತ?"

"ಲಗ್ನ ಮುಗದ ಮ್ಯಾಲ ಪತ್ರಿಕಿ ಕಸದಾಗ ಬೀಳ್ತಾವು, ದೇವ್ರ ಚಿತ್ರ ಇರ್ತೈತಿ, ಕಾಲಾಗ ಬರ್ತೈತಿ ಅಂತ ಹುಡುಗನ ತಂದಿಗೆ ಬ್ಯಾಸರ ಆಗಿತ್ತಂತ್ರಿ."

ಸುದ್ದಿ ಪೂರ್ತಿ ಆ ಎರಡು ಮಾತಿನಲ್ಲಿತ್ತು. 'ತೊಳೆದರೆ ಕರವಸ್ತ್ರವಾಗುವ ಲಗ್ನಪತ್ರಿಕೆ' ಅಂತ ತಲೆಬರಹ ಕೊಟ್ಟೆವು. ತಂದೆಯ ಬೇಸರದಿಂದ ಇಂಟ್ರೊ, ಅಂದರೆ ಸುದ್ದಿಯ ಮೊದಲ ಸಾಲು, ಶುರುವಾಯಿತು. ರೂಢಿ ಏನು, ಅದನ್ನು ಎಲ್ಲಿ ಮುರಿದರು, ಯಾಕೆ ಮುರಿದರು. ಈ ಮೂರೂ ಇದ್ದರೆ ವಿಶೇಷಣ ಬೇಕಾಗುವುದೇ ಇಲ್ಲ.

ಪ್ರತಿಭಟನೆಯ ಸುದ್ದಿಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮಳೆಗಾಲ ಬಂತೆಂದರೆ ನಮ್ಮ ರಾಜ್ಯದ ಯಾವುದಾದರೂ ಊರಲ್ಲಿ ಜನ ರಸ್ತೆ ಗುಂಡಿಯಲ್ಲಿ ಭತ್ತದ ನಾಟಿ ಮಾಡುತ್ತಾರೆ. 'ವಿಭಿನ್ನ ಪ್ರತಿಭಟನೆ', 'ವಿನೂತನ ಪ್ರತಿಭಟನೆ' ಅಂತ ಸುದ್ದಿ ಬರುತ್ತದೆ. ಇಷ್ಟು ಕಡೆ, ಇಷ್ಟು ವರ್ಷ ನಡೆದ ಮೇಲೆ ಅದು ಹೊಸತೂ ಅಲ್ಲ, ಬೇರೆಯೂ ಅಲ್ಲ. ಅದೇ ಈಗ ಪದ್ಧತಿಯಾಗಿದೆ. 'ಗುಂಡಿಯಲ್ಲಿ ಭತ್ತ ನೆಟ್ಟು ಪ್ರತಿಭಟನೆ' ಅಂದರೆ ಸಾಕು.

ಇದರ ಪಕ್ಕದಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ ಇಟ್ಟು ನೋಡಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ರಸ್ತೆಯ ದೊಡ್ಡ ಗುಂಡಿಯ ನೀರಿನಲ್ಲಿ ಅವರು ನಿಜದಷ್ಟೇ ದೊಡ್ಡ ಮೊಸಳೆಯ ಪ್ರತಿಕೃತಿ ಇಟ್ಟರು. 2019ರ ಸೆಪ್ಟೆಂಬರಿನಲ್ಲಿ ಇನ್ನೊಂದು ಮಾಡಿದರು. ಚಂದ್ರಯಾನ-2 ಇನ್ನೇನು ಇಳಿಯಲಿದೆ ಅಂತ ದೇಶವೇ ಕಾಯುತ್ತಿದ್ದ ಹೊತ್ತು. ಗಗನಯಾತ್ರಿಯ ದಿರಿಸು ತೊಟ್ಟ ನಟರೊಬ್ಬರು ನಿಧಾನವಾಗಿ ಹೆಜ್ಜೆ ಹಾಕುತ್ತಾರೆ. ಸುತ್ತ ಚಂದ್ರನ ಮೇಲಿರುವಂಥ ಕುಳಿಗಳು. ಆಮೇಲೆ ಹಿಂದಿನಿಂದ ಒಂದು ಆಟೊ ಹಾದುಹೋಗುತ್ತದೆ. ಅದು ಚಂದ್ರ ಅಲ್ಲ, ಬೆಂಗಳೂರಿನ ರಸ್ತೆ. ಆ ವಿಡಿಯೊ ದೇಶದಾಚೆಗೂ ಓಡಾಡಿತು. ಈಗ ಹೇಳಿ, 'ಕಲಾವಿದನಿಂದ ವಿಭಿನ್ನ ಪ್ರತಿಭಟನೆ' ಅನ್ನುವ ತಲೆಬರಹ ಆ ಆಟೊವನ್ನು ತೋರಿಸುತ್ತದಾ? ಮೊಸಳೆಗೂ ಅದೇ ಪದ, ಗಗನಯಾತ್ರಿಗೂ ಅದೇ ಪದ, ಭತ್ತದ ನಾಟಿಗೂ ಅದೇ ಪದ ಅಂದರೆ ಆ ಮನುಷ್ಯ ತಲೆ ಓಡಿಸಿದ್ದಕ್ಕೆ ನಾವು ಮಾಡಿದ ಮರ್ಯಾದೆ ಏನು? ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಯಾರೋ ಕಷ್ಟಪಟ್ಟು ಯಾರೂ ಮಾಡದ್ದನ್ನು ಮಾಡಿರುತ್ತಾರೆ. ನಾವು ಅದನ್ನು ಎಲ್ಲರಿಗೂ ಹಾಕುವ ಚೀಟಿ ಹಾಕಿ ಕಪಾಟಿಗೆ ಸೇರಿಸಿಬಿಡುತ್ತೇವೆ.

ಸಿನಿಮಾದವರ 'ಡಿಫರೆಂಟ್' ಕೂಡ ಇದೇ ಜಾತಿ. ಪ್ರತಿ ಮುಹೂರ್ತದಲ್ಲೂ ಕೇಳುತ್ತೇವೆ, ಇದು ಡಿಫರೆಂಟ್ ಸಬ್ಜೆಕ್ಟ್ ಅಂತ. ಆಡುಮಾತಿನಲ್ಲಿ ಇರಲಿ, ಅವರು ಆಡಿದ್ದನ್ನು ಅವರ ಮಾತಾಗಿ ಬರೆಯಲೂಬಹುದು. ಆದರೆ ವರದಿಗಾರರು ಅದನ್ನೇ 'ವಿಭಿನ್ನ' ಮಾಡಿ ತಮ್ಮ ಮಾತಾಗಿ ಬರೆಯಬಾರದು. 2010ರಲ್ಲಿ ಉಪೇಂದ್ರ ತಮ್ಮ ಸಿನಿಮಾದ ಪೋಸ್ಟರಿನಲ್ಲಿ ಹೆಸರಿನ ಜಾಗಕ್ಕೆ ಅಕ್ಷರ ಹಾಕದೆ, ಹೆಬ್ಬೆರಳು ತೋರುಬೆರಳು ಕೂಡಿಸಿದ ಕೈಯ ಚಿಹ್ನೆ ಹಾಕಿದರು. ಜನ ಅದನ್ನು 'ಸೂಪರ್' ಅಂತ ಓದಿಕೊಂಡರು. ಹೀಗೆ ಬರೆದರೆ ಸಾಕು. ಇದು ಬೇರೆ ಥರ ಇದೆ ಅಂತ ಓದುಗರೇ ಅಂದುಕೊಳ್ಳುತ್ತಾರೆ.

ಪಕ್ಕದ ಪದಗಳು

ಕೆಲವೊಮ್ಮೆ ವಿಶೇಷಣ ಬೇಕೇ ಬೇಕು. ಜಾಗ ಕಡಿಮೆ ಇರುತ್ತದೆ, ಅಥವಾ ನಿಮ್ಮ ಅಭಿಪ್ರಾಯವನ್ನೂ ಹೇಳಬೇಕಿರುತ್ತದೆ. ಆಗ ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ಆದರೆ ಒಂದೊಂದಕ್ಕೂ ಒಂದೊಂದು ಒಲವು ಇದೆ. ಮೆಚ್ಚುವ ಪದ ಬೇರೆ, ಹುಬ್ಬೇರಿಸುವ ಪದ ಬೇರೆ. ಅದು ಗೊತ್ತಿಲ್ಲದೆ ಬಳಸಿದರೆ ಹೊಗಳಲು ಹೋಗಿ ಬೈದ ಹಾಗೆ ಆಗುತ್ತದೆ.

'ವಿಶಿಷ್ಟ' ಮೆಚ್ಚುಗೆಯ ಕಡೆಗೆ ವಾಲುವ ಪದ. ಬೇರೆಯದರಿಂದ ಗುರುತಿಸಿ ತೆಗೆಯಬಹುದಾದ ಗುಣ ಇರುವಂಥದ್ದು. ಮೇಲುಕೋಟೆಯಲ್ಲಿ ಬಹಳ ಕಾಲ ಇದ್ದ ರಾಮಾನುಜರ ವಿಶಿಷ್ಟಾದ್ವೈತದಲ್ಲಿ ಇದೇ ಪದ ಇದೆ. ಗುಣಗಳಿಂದ ಕೂಡಿದ ಬ್ರಹ್ಮ ಒಂದೇ ಅನ್ನುವುದು ಅಲ್ಲಿನ ಮಾತು. ಆದ್ದರಿಂದ ವಿಶಿಷ್ಟ ಅಂದರೆ 'ಯಾವ ಗುಣದಿಂದ?' ಅನ್ನುವುದನ್ನು ಕೂಡಲೇ ಹೇಳಿ. 'ಕಸೂತಿಯಲ್ಲಿ ಗಂಟು ಹಾಕದೆ ಹೆಣೆಯುವುದು ವಿಶಿಷ್ಟ' ಅಂದರೆ ಸರಿ. ಇಳಕಲ್ ಸೀರೆಯ ಮೇಲೆ ಧಾರವಾಡದ ಹೆಣ್ಣುಮಕ್ಕಳು ಹಾಕುವ ಕಸೂತಿಯ ಗವಂತಿ ಹೊಲಿಗೆ ಎರಡೂ ಬದಿಯಲ್ಲಿ ಒಂದೇ ಥರ ಕಾಣುತ್ತದೆ. ಅದು ಎದ್ದು ಕಾಣುವ ಗುಣ.

'ವಿಶೇಷ' ಅದೇ ಬೇರಿನಿಂದ ಬಂದರೂ ಮನೆಯ ಪದವಾಗಿಬಿಟ್ಟಿದೆ. 'ಏನ್ ವಿಶೇಷ?' ಅಂದರೆ ಹೊಸ ಸುದ್ದಿ ಏನು ಅಂತ. ಮದುವೆಯಾದ ಹುಡುಗಿಗೆ 'ಏನಾದ್ರೂ ವಿಶೇಷನಾ?' ಅಂತ ಕೇಳಿದರೆ ಬೇರೆಯದೇ ಅರ್ಥ. ಹಬ್ಬದ ಅಡುಗೆಗೆ, ಪೂಜೆಗೆ, ಬಸ್ಸಿಗೆ ಈ ಪದ ಚೆನ್ನ. ರೂಢಿ ಮುರಿದದ್ದಕ್ಕೆ ಅದು ತೆಳುವಾಗುತ್ತದೆ.

'ಅಪರೂಪ' ಸಿಗುವುದು ಕಡಿಮೆ ಅನ್ನುವುದಕ್ಕೆ. ಸಂಸ್ಕೃತದಲ್ಲಿ ಇದಕ್ಕೆ ವಿಕಾರವಾದ ರೂಪ ಅನ್ನುವ ಅರ್ಥ ಇತ್ತು. ಕನ್ನಡದ ಬಾಯಲ್ಲಿ ಅದು ಪ್ರೀತಿಯ ಪದವಾಯಿತು. 'ಅಪರೂಪಕ್ಕೆ ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ.' ಹಾಗಾಗಿ ಸಂಖ್ಯೆಯಲ್ಲಿ ಕಡಿಮೆ ಇದ್ದರೆ ಮಾತ್ರ ಇದನ್ನು ಬಳಸಿ. ನೂರು ಕಡೆ ಸಿಗುವ ಚಾಕೊಲೇಟ್ ದೋಸೆ ರೂಢಿಗೆ ಹೊರಗಿರಬಹುದು, ಅಪರೂಪ ಅಂತೂ ಅಲ್ಲ.

'ವಿನೂತನ' ಹೊಸತು ಅನ್ನುವುದನ್ನಷ್ಟೇ ಹೇಳುತ್ತದೆ. ಜಾಹೀರಾತಿನವರ ಕೈಯಲ್ಲಿ ಸಿಕ್ಕಿ ಸವೆದಿದೆ. ನಾನು ಇದನ್ನು ಬಳಸುವುದೇ ಇಲ್ಲ. 'ಹೊಸ' ಅನ್ನುವ ಎರಡಕ್ಷರ ಇರುವಾಗ ಯಾಕೆ?

ಇನ್ನು 'ವಿಚಿತ್ರ' ಮತ್ತು 'ವಿಲಕ್ಷಣ'. ಇವೆರಡರ ಬಗ್ಗೆ ಸ್ವಲ್ಪ ನಿಧಾನಿಸಬೇಕು.

ವಿಚಿತ್ರದಲ್ಲಿ ಚಿತ್ರ ಇದೆ. ಬಣ್ಣಬಣ್ಣದ್ದು, ನಾನಾ ಬಗೆಯದು ಅನ್ನುವುದು ಹಳೆಯ ಅರ್ಥ. ಕಾಶ್ಮೀರದ ಹಳೆಯ ಕಾವ್ಯಮೀಮಾಂಸಕ ಕುಂತಕ ಕಾವ್ಯದ ದಾರಿಗಳನ್ನು ಹೇಳುವಾಗ ಸುಕುಮಾರ, ವಿಚಿತ್ರ, ಮಧ್ಯಮ ಅಂತ ಮೂರು ಹೇಳಿದ. ಅಲ್ಲಿ ವಿಚಿತ್ರ ಅಂದರೆ ಅಲಂಕಾರ ತುಂಬಿ ಹೊಳೆಯುವ ದಾರಿ. ಅದು ಬೈಗುಳ ಆಗಿರಲಿಲ್ಲ. ಈಗಿನ ಕನ್ನಡದಲ್ಲಿ ಆ ಹೊಳಪು ಹೋಗಿದೆ. 'ವಿಚಿತ್ರ ಮನುಷ್ಯ' ಅಂದರೆ ಯಾರೂ ಖುಷಿಪಡುವುದಿಲ್ಲ. ಅರ್ಥವಾಗದ್ದು, ಹೊಂದದ್ದು, ಸ್ವಲ್ಪ ದೂರ ಇಡಬೇಕಾದದ್ದು ಅನ್ನುವ ಭಾವ ಇದೆ. ವಿಲಕ್ಷಣ ಇನ್ನೂ ಒಂದು ಹೆಜ್ಜೆ ಆಚೆ. ನಮ್ಮಲ್ಲಿ 'ಲಕ್ಷಣವಾಗಿದ್ದಾಳೆ' ಅಂದರೆ ಹೊಗಳಿಕೆ, 'ಅವಲಕ್ಷಣ' ಅಂದರೆ ತೆಗಳಿಕೆ. ವಿಲಕ್ಷಣದಲ್ಲಿ ಕಿವಿ ಆ ಎರಡನೆಯದನ್ನೇ ಕೇಳುತ್ತದೆ. ಶಾಸ್ತ್ರದ ಬರಹದಲ್ಲಿ ಲಕ್ಷಣಕ್ಕಿಂತ ಬೇರೆಯಾದದ್ದು ಅನ್ನುವ ತಟಸ್ಥ ಅರ್ಥ ಉಳಿದಿದೆ. ಸುದ್ದಿಯಲ್ಲಿ ಉಳಿದಿಲ್ಲ. ಭಯವೋ ಅಸಹಜತೆಯೋ ನಿಜವಾಗಿ ಇರುವ ಘಟನೆಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಮಾತಿನಲ್ಲಿ ನಾವು ಇವೆರಡನ್ನೂ ಅಷ್ಟಾಗಿ ಬಳಸುವುದಿಲ್ಲ, ಗಮನಿಸಿದ್ದೀರಾ? 'ಒಂಥರಾ ಇದೆ' ಅನ್ನುತ್ತೇವೆ. ನಮ್ಮ ಧಾರವಾಡದ ಕಡೆ 'ಒಂದ ನಮೂನಿ ಮನಶ್ಯಾ ಅಂವಾ' ಅಂದರೆ ಮುಗಿಯಿತು. ರಾಗದ ಮೇಲೆ ಅರ್ಥ ನಿಂತಿರುತ್ತದೆ. ಪ್ರೀತಿಯಿಂದಲೂ ಅನ್ನಬಹುದು, ಬೇಸರದಿಂದಲೂ ಅನ್ನಬಹುದು. ಬರಹದಲ್ಲಿ ರಾಗ ಕೇಳಿಸದು. ಅದಕ್ಕೇ ಸಂಭಾಷಣೆಯ ಒಳಗೆ ಇಂಥ ಆಡುಮಾತುಗಳು ಚೆಂದ, ವಿವರಣೆಯಲ್ಲಿ ಮಸುಕು.

ಮನುಷ್ಯರ ಬಗ್ಗೆ ಬರೆಯುವಾಗ

ಇದನ್ನು ನಾನು ಹೊಸಬರಿಗೆ ಖಂಡಿತವಾಗಿ ಹೇಳುತ್ತೇನೆ. 'ವಿಚಿತ್ರ ಮಗು ಜನನ' ಅಂತ ಯಾವತ್ತೂ ಬರೆಯಬೇಡಿ. ಈ ತಲೆಬರಹ ನಮ್ಮ ಸುದ್ದಿಲೋಕದಲ್ಲಿ ಇವತ್ತಿಗೂ ಓಡಾಡುತ್ತಿದೆ, ಫೋಟೊ ಸಮೇತ. ಆ ಮಗುವಿಗೆ ತಾಯಿ ಇದ್ದಾಳೆ. ಅವಳು ಹೆರಿಗೆ ವಾರ್ಡಿನಲ್ಲಿ ಮಲಗಿರುತ್ತಾಳೆ. ಅವಳ ಅಕ್ಕಪಕ್ಕದವರ ಫೋನಿನಲ್ಲಿ ಈ ತಲೆಬರಹ ಬರುತ್ತದೆ. ಸುದ್ದಿ ಮಾಡಲೇಬೇಕಾದ ಕಾರಣ ಇದ್ದರೆ, ಮಗುವಿಗೆ ಹುಟ್ಟಿನಿಂದ ಇಂಥ ತೊಂದರೆ ಇದೆ, ವೈದ್ಯರು ಇಂಥ ಚಿಕಿತ್ಸೆ ಕೊಡುತ್ತಿದ್ದಾರೆ ಅಂತ ಬರೆಯಿರಿ. ಹೆಸರು ಬೇಡ, ಫೋಟೊ ಬೇಡ. ಕಾರಣ ಇಲ್ಲದಿದ್ದರೆ ಸುದ್ದಿಯೇ ಬೇಡ. ದೇಹದ ವಿಷಯಕ್ಕೆ ವಿಚಿತ್ರ, ವಿಲಕ್ಷಣ, ವಿಕಾರ ಈ ಮೂರನ್ನೂ ನಾನು ಯಾವ ಕಾಪಿಯಲ್ಲೂ ಬಿಡುವುದಿಲ್ಲ. ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲೇ 'ವಿಕಲಚೇತನರು' ಅನ್ನುವ ಪದ ಇದೆ. 'ವಿಶೇಷಚೇತನರು' ಅನ್ನುವುದೂ ಬಳಕೆಯಲ್ಲಿದೆ. ಆ ವ್ಯಕ್ತಿ ಸಿಕ್ಕರೆ, ನಿಮ್ಮನ್ನು ಹೇಗೆ ಬರೆಯಲಿ ಅಂತ ಅವರನ್ನೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಮಾಜದ ರೂಢಿಗೆ ಹೊರಗೆ ಬದುಕಿದವರ ಬಗ್ಗೆಯೂ ಇದೇ ಎಚ್ಚರ ಬೇಕು. ಜೋಗತಿ ಮಂಜಮ್ಮ ಅವರನ್ನು ನೋಡಿ. ಜೋಗತಿ ನೃತ್ಯವನ್ನು ಬದುಕಾಗಿಸಿಕೊಂಡವರು. ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮೊದಲು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರು ನಿಂತು ಸೆರಗಿನಿಂದ ದೃಷ್ಟಿ ತೆಗೆದರು. ಇದನ್ನು 'ವಿಭಿನ್ನ ರೀತಿಯಲ್ಲಿ ನಮಸ್ಕಾರ' ಅಂತ ಬರೆದರೆ ಇಡೀ ದೃಶ್ಯ ಸತ್ತುಹೋಗುತ್ತದೆ. ದೃಷ್ಟಿ ತೆಗೆಯುವುದು ನಮ್ಮ ಮನೆಮನೆಯ ಪದ್ಧತಿ. ಅದು ರಾಷ್ಟ್ರಪತಿ ಭವನದ ಪದ್ಧತಿ ಆಗಿರಲಿಲ್ಲ, ಅಷ್ಟೇ. ಹಾಗಾದರೆ ಇಲ್ಲಿ ಯಾವುದು ಯಾವುದಕ್ಕಿಂತ ಬೇರೆ? ಪ್ರಶ್ನೆ ಕೇಳಿಕೊಂಡರೆ ಆ ಕ್ಷಣ ಎಷ್ಟು ದೊಡ್ಡದು ಅನ್ನುವುದೂ ಗೊತ್ತಾಗುತ್ತದೆ.

ಅದಕ್ಕೆ ಆಗಲೇ ಹೆಸರಿರಬಹುದು

ರೂಢಿ ಬಿಟ್ಟ ಎಷ್ಟೋ ಸಂಗತಿಗಳಿಗೆ ಕನ್ನಡದಲ್ಲಿ ಸ್ವಂತ ಹೆಸರು ಇದೆ. ಬರೆಯುವ ಮೊದಲು ಒಂದು ಸಲ ಹುಡುಕಿ. ಅಲ್ಲಮಪ್ರಭುವಿನ ನೇರವಾಗಿ ಅರ್ಥ ಕೊಡದ, ಒಗಟಿನಂಥ ವಚನಗಳನ್ನು 'ಬೆಡಗಿನ ವಚನ' ಅನ್ನುತ್ತೇವೆ. ಬೆಡಗು ಅಂದರೆ ಸೊಗಸು ಕೂಡ. ತಿಳಿಯದ ಮಾತಿಗೆ ನಮ್ಮ ಹಿರಿಯರು ಸೊಗಸಿನ ಹೆಸರು ಇಟ್ಟರು ನೋಡಿ! ಕನಕದಾಸರ ಅದೇ ಬಗೆಯ ಪದಗಳು 'ಮುಂಡಿಗೆ'ಗಳು. ಕಥೆ, ತರ್ಕ ಎಲ್ಲ ಮುರಿದು ಬರೆದ ನಾಟಕಗಳಿಗೆ 'ಅಸಂಗತ ನಾಟಕ' ಅನ್ನುವ ಹೆಸರು ನೆಲೆಯೂರಿದೆ. ಪುರೋಹಿತರು, ಮುಹೂರ್ತ, ವರದಕ್ಷಿಣೆ ಯಾವುದೂ ಇಲ್ಲದೆ ವಧು ವರರು ಪ್ರತಿಜ್ಞೆ ಓದಿ ಆಗುವ ಮದುವೆ 'ಮಂತ್ರ ಮಾಂಗಲ್ಯ'. ಕುವೆಂಪು ಅದನ್ನು ರೂಪಿಸಿ 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹಾಗೇ ಮಾಡಿದರು. ಇವತ್ತಿಗೂ ಆ ಬಗೆಯ ಮದುವೆಗೆ 'ವಿಭಿನ್ನ ಮದುವೆ' ಅಂತ ಕಾಪಿ ಬರುತ್ತದೆ. ಹೆಸರಿರುವ ಮಗುವನ್ನು ಹೆಸರು ಹಿಡಿದೇ ಕರೆಯಬೇಕಲ್ವಾ?

ಕಾಲವನ್ನೂ ನೋಡಿಕೊಳ್ಳಿ. ಶಾಲೆಯ ಪುಸ್ತಕದಲ್ಲಿ 'ಅಸಾಂಪ್ರದಾಯಿಕ ಶಕ್ತಿ ಮೂಲಗಳು' ಅಂತ ಓದಿದ್ದೇವೆ. ಸೂರ್ಯ, ಗಾಳಿ, ಜೈವಿಕ ಅನಿಲ. ಕೇಂದ್ರದಲ್ಲಿ ಅದೇ ಹೆಸರಿನ ಇಲಾಖೆ 1982ರಲ್ಲಿ ಶುರುವಾಗಿ 1992ರಲ್ಲಿ ಸಚಿವಾಲಯವಾಯಿತು. 2006ರಲ್ಲಿ ಆ ಪದವನ್ನು ಬಿಟ್ಟು 'ನವೀಕರಿಸಬಹುದಾದ ಇಂಧನ' ಅಂತ ಹೆಸರು ಬದಲಾಯಿಸಿದರು. ಈಗ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಇನ್ನೂ ಬಿಸಿಲಿನ ಕರೆಂಟನ್ನು ಅಸಾಂಪ್ರದಾಯಿಕ ಅಂದರೆ ಓದುವವರು ಕಣ್ಣು ಉಜ್ಜಿಕೊಳ್ಳುತ್ತಾರೆ. ಪಾವಗಡದಲ್ಲಿ ರೂಢಿಗಿಂತ ಬೇರೆ ಆದದ್ದು ಬಿಸಿಲಲ್ಲ, ಜಮೀನಿನ ಲೆಕ್ಕ. ದೊಡ್ಡ ಯೋಜನೆ ಅಂದರೆ ಭೂಸ್ವಾಧೀನ ಅನ್ನುವುದು ರೂಢಿ. ಇಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಬರೆಯುವವರ ಕಣ್ಣು ಅಲ್ಲಿಗೆ ಹೋಗಬೇಕು.

ಹಾಗಾದರೆ ವಿಭಿನ್ನವನ್ನು ಎಲ್ಲಿ ಬಳಸೋಣ? ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಾಗ ಧಾರಾಳವಾಗಿ ಬಳಸಿ. 'ಯಕ್ಷಗಾನದಲ್ಲಿ ತೆಂಕುತಿಟ್ಟಿನ ವೇಷ ಬಡಗುತಿಟ್ಟಿನ ವೇಷಕ್ಕಿಂತ ವಿಭಿನ್ನ. ಕಿರೀಟದಿಂದಲೇ ಅದು ಗೊತ್ತಾಗುತ್ತದೆ.' ಇಲ್ಲಿ ಪದ ತನ್ನ ಕೆಲಸ ಮಾಡುತ್ತಿದೆ. ಎರಡೂ ಕಡೆ ಹೆಸರಿದೆ, 'ಗಿಂತ' ಇದೆ, ಗುರುತೂ ಇದೆ. ಎರಡು ಅಭಿಪ್ರಾಯಗಳಿಗೂ ಸರಿ, 'ಈ ವಿಷಯದಲ್ಲಿ ಇಬ್ಬರ ನಿಲುವು ವಿಭಿನ್ನ' ಅಂತ ಬರೆದು ಮುಂದಿನ ಸಾಲಿನಲ್ಲಿ ಎರಡೂ ನಿಲುವನ್ನು ಹೇಳಿ. ತಲೆಬರಹದಲ್ಲಿ ಮಾತ್ರ ಬೇಡ. ಅಲ್ಲಿ ನಾಲ್ಕೈದು ಪದಕ್ಕಷ್ಟೇ ಜಾಗ, ಅದರಲ್ಲೊಂದನ್ನು ಇದಕ್ಕೆ ಕೊಟ್ಟರೆ ಮೊಸಳೆಗೆ ಜಾಗ ಇರುವುದಿಲ್ಲ.